ಪೀ ವೀ ಎಲಿಸ್: ಸೋಲ್, ಫಂಕ್ ಸಂಗೀತದ ಅರೇಂಜರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪೀ ವೀ ಎಲಿಸ್ ಅಂದರೆ ಯಾರು?

ಅಮೆರಿಕದ ಸ್ಯಾಕ್ಸೊಫೋನ್ ವಾದಕ, ಸಂಯೋಜಕ, ಅರೇಂಜರ್. ಮನೆಯವರು ಇಟ್ಟ ಹೆಸರು ಆಲ್ಫ್ರೆಡ್ ಜೇಮ್ಸ್ ಎಲಿಸ್. 1941ರ ಏಪ್ರಿಲ್ 21ರಂದು ಫ್ಲಾರಿಡಾದ ಬ್ರೇಡನ್‌ಟನ್‌ನಲ್ಲಿ ಹುಟ್ಟಿದರು. 2021ರ ಸೆಪ್ಟೆಂಬರ್ 23ರಂದು ತೀರಿಕೊಂಡರು. ಆಗ ಅವರಿಗೆ 80 ವರ್ಷ.

1965ರಿಂದ 1969ರವರೆಗೆ ಅವರು ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತಂಡದಲ್ಲಿದ್ದರು. ಅದರಲ್ಲಿ ಕೊನೆಯ ಎರಡು ವರ್ಷ ತಂಡದ ಸಂಗೀತದ ಹೊಣೆ ಪೂರ್ತಿ ಅವರದ್ದೇ. ಹಾಡುವವರ ದನಿ ಮುಂದಿರುವ ಸೋಲ್ ಸಂಗೀತ, ತಾಳ ಮುಂದಿರುವ ಫಂಕ್ ಕಡೆಗೆ ತಿರುಗಿದ್ದು ಸರಿಯಾಗಿ ಆ ಕಾಲದಲ್ಲೇ. ಆ ತಿರುವಿನ ಕಥೆಯನ್ನು ಎಲ್ಲರೂ ಬ್ರೌನ್ ಹೆಸರಲ್ಲೇ ಹೇಳುತ್ತಾರೆ. ಅದು ತಪ್ಪೇನಲ್ಲ. ಆದರೆ ಬ್ರೌನ್ ಬಾಯಲ್ಲಿ ಹೇಳಿದ್ದನ್ನು ಹತ್ತಾರು ಜನ ಒಟ್ಟಿಗೆ ನುಡಿಸುವ ಹಾಗೆ ಬರೆದುಕೊಟ್ಟವರು ಯಾರು ಅಂತ ಹುಡುಕಿಕೊಂಡು ಹೋದರೆ ಎಲಿಸ್ ಸಿಗುತ್ತಾರೆ. ಅವರ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗಬೇಕು ಅನ್ನೋದೇ ಈ ಪುಟದ ಉದ್ದೇಶ.

"ಪೀ ವೀ" ಅನ್ನೋ ಹೆಸರು ಎಲ್ಲಿಂದ ಬಂತು?

ಚಿಕ್ಕ ವಯಸ್ಸಲ್ಲಿ ಆಳು ಸಣ್ಣಗಿದ್ದರು. ಮನೆಗೆ ಬಂದುಹೋಗುತ್ತಿದ್ದ ಸಂಗೀತಗಾರರು ಹಾಗೆ ಕರೆದರು. ಆ ಹೆಸರೇ ಕೊನೆವರೆಗೂ ಉಳಿಯಿತು.

ಅರೇಂಜರ್ ಅಂದರೆ ಏನು ಕೆಲಸ? ಹಾಡು ಬರೆಯೋದಕ್ಕಿಂತ ಅದು ಹೇಗೆ ಬೇರೆ?

ಹಾಡಿಗೆ ಒಂದು ಧಾಟಿ ಇದೆ, ಮಾತಿದೆ ಅಂದುಕೊಳ್ಳಿ. ಆದರೆ ವೇದಿಕೆ ಮೇಲೆ ಎರಡು ಗಿಟಾರ್, ಒಂದು ಬೇಸ್, ಡ್ರಮ್ಸ್, ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್ ಎಲ್ಲ ಇವೆ. ಯಾರು ಯಾವಾಗ ಯಾವ ಸ್ವರ ನುಡಿಸಬೇಕು? ಹಾಡುವವರು ಉಸಿರು ತೆಗೆದುಕೊಳ್ಳುವಾಗ ಯಾರು ಉತ್ತರ ಕೊಡಬೇಕು? ಯಾರು ಬಾಯಿ ಮುಚ್ಚಿಕೊಂಡು ಕಾಯಬೇಕು? ಇದನ್ನೆಲ್ಲ ತೀರ್ಮಾನಿಸಿ, ಒಬ್ಬೊಬ್ಬರಿಗೂ ಅವರವರ ಭಾಗ ಬರೆದುಕೊಡುವವರು ಅರೇಂಜರ್.

ಬ್ರೌನ್ ತಂಡದಲ್ಲಿ ಈ ಕೆಲಸ ಇನ್ನೂ ಕಷ್ಟದ್ದು. ಬ್ರೌನ್‌ಗೆ ನೊಟೇಶನ್ ಬರೆಯಲು ಬರುತ್ತಿರಲಿಲ್ಲ. ಬಾಯಲ್ಲೇ ತಾಳ ಹಾಕುತ್ತಿದ್ದರು, ಹೂಂಕರಿಸುತ್ತಿದ್ದರು, ಬೇಸ್ ಹೀಗೆ ಬರಬೇಕು ಅಂತ ಗುನುಗುತ್ತಿದ್ದರು. ಅದನ್ನು ಕಿವಿಯಲ್ಲಿ ಹಿಡಿದು, ಅದರ ಒಳಗಿರುವ ಸಂಗೀತ ಯಾವುದು ಅಂತ ಕಂಡುಕೊಂಡು, ಕಾಗದಕ್ಕೆ ಇಳಿಸಬೇಕಿತ್ತು. ಸುಮ್ನೆ ಕೇಳಿದ್ದನ್ನು ಬರೆದುಕೊಂಡರೆ ಆಗುವ ಕೆಲಸ ಅಲ್ಲ ಇದು. ಹೂಂಕಾರದಲ್ಲಿ ಇಲ್ಲದ ಎಷ್ಟನ್ನೋ ಬರೆಯುವವರು ತಮ್ಮ ತಲೆಯಿಂದ ಸೇರಿಸಬೇಕು.

ಅವರ ಬಾಲ್ಯ ಹೇಗಿತ್ತು?

ಎಲಿಸ್ ಚಿಕ್ಕವರಿದ್ದಾಗ ತಾಯಿ ಎಲಿಜಬೆತ್ ಅವರು ಎಜೆಲ್ ಎಲಿಸ್ ಅನ್ನುವವರನ್ನು ಮದುವೆಯಾದರು. 1949ರಲ್ಲಿ ಕುಟುಂಬ ಟೆಕ್ಸಸ್‌ನ ಲಬಕ್ ಊರಿಗೆ ಹೋಯಿತು. ಎಜೆಲ್ ಆ ಊರಲ್ಲಿ ಸಂಗೀತ ಕಾರ್ಯಕ್ರಮ ಏರ್ಪಡಿಸುತ್ತಿದ್ದರು. ಹಾಗಾಗಿ ಊರೂರು ತಿರುಗುವ ವಾದಕರು ಮನೆಗೇ ಬರುತ್ತಿದ್ದರು. ಹುಡುಗ ಪಿಯಾನೊ, ಕ್ಲಾರಿನೆಟ್, ಸ್ಯಾಕ್ಸೊಫೋನ್ ಎಲ್ಲದಕ್ಕೂ ಕೈ ಹಾಕಿದ.

1955ರಲ್ಲಿ ಎಜೆಲ್ ಅವರ ಕೊಲೆಯಾಯಿತು. ವರ್ಣದ್ವೇಷ ಅದರ ಹಿಂದಿತ್ತು. ಕುಟುಂಬ ಲಬಕ್ ಬಿಟ್ಟು ದೂರದ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ಗೆ ಹೋಯಿತು. ಆಗ ಎಲಿಸ್‌ಗೆ ಹದಿನಾಲ್ಕು. ಮುಂದೆ 1968ರ ಒಂದು ಹಾಡಿನ ಬಗ್ಗೆ ಮಾತಾಡುವಾಗ ಈ ಸಂಗತಿ ನೆನಪಿಟ್ಟುಕೊಳ್ಳಿ.

ರೋಚೆಸ್ಟರ್‌ನಲ್ಲಿ ಒಳ್ಳೆಯ ಜೊತೆ ಸಿಕ್ಕಿತು. ಮುಂದೆ ದೊಡ್ಡ ಹೆಸರು ಮಾಡಿದ ಬೇಸ್ ವಾದಕ ರಾನ್ ಕಾರ್ಟರ್, ಅದೇ ಊರಿನ ಟ್ರಂಪೆಟ್ ವಾದಕ ಚಕ್ ಮ್ಯಾಂಜಿಯೋನ್ ಇವರ ಜೊತೆ ಎಲಿಸ್ ಜಾಝ್ ನುಡಿಸಿದರು.

ಸನ್ನಿ ರಾಲಿನ್ಸ್ ಹತ್ತಿರ ಪಾಠ ಹೇಳಿಸಿಕೊಂಡಿದ್ದು ನಿಜವೇ?

ನಿಜ. 1957ರಲ್ಲಿ ಎಲಿಸ್ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ರಾಲಿನ್ಸ್ ನಡೆದುಹೋಗುತ್ತಿದ್ದುದನ್ನು ಕಂಡರು. ಆ ಹೊತ್ತಿಗೆ ಟೆನರ್ ಸ್ಯಾಕ್ಸೊಫೋನ್ ಅಂದರೆ ಮೊದಲು ನೆನಪಾಗುವ ಒಂದೆರಡು ಹೆಸರುಗಳಲ್ಲಿ ರಾಲಿನ್ಸ್ ಹೆಸರೂ ಒಂದು. ಹದಿನಾರು ವರ್ಷದ ಹುಡುಗ ಹಿಂದೆಮುಂದೆ ನೋಡದೆ ಹೋಗಿ, ಪಾಠ ಹೇಳಿಕೊಡ್ತೀರಾ ಅಂತ ಕೇಳಿಯೇಬಿಟ್ಟ. ರಾಲಿನ್ಸ್ ಒಪ್ಪಿದರು. ವಾರಕ್ಕೊಂದು ಪಾಠ ನಡೆಯಿತು. ಮ್ಯಾನ್‌ಹ್ಯಾಟನ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲೂ ಎಲಿಸ್ ಓದಿದರು.

ಈ ಜಾಝ್ ಬೇರು ಬಹಳ ಮುಖ್ಯ. ಫಂಕ್ ಅಂದರೆ ಬರೀ ಮೈ ಕುಣಿಸುವ ಸಂಗೀತ, ಅದರಲ್ಲಿ ಓದಿ ಕಲಿತದ್ದೇನೂ ಇಲ್ಲ ಅಂತ ಅಂದುಕೊಂಡವರು ಇವತ್ತಿಗೂ ಇದ್ದಾರೆ. ಫಂಕ್ ಹುಟ್ಟಿಸಿದವರಲ್ಲಿ ಒಬ್ಬರು ರಾಲಿನ್ಸ್ ಶಿಷ್ಯ ಅನ್ನೋದನ್ನು ಅವರಿಗೆ ಹೇಳಬೇಕು.

ಜೇಮ್ಸ್ ಬ್ರೌನ್ ತಂಡ ಸೇರಿದ್ದು ಹೇಗೆ?

1960ರ ಹೊತ್ತಿಗೆ ಎಲಿಸ್ ಫ್ಲಾರಿಡಾಗೆ ವಾಪಸ್ ಬಂದು ಅಲ್ಲೇ ತಂಡ ಕಟ್ಟಿಕೊಂಡು ಬದುಕುತ್ತಿದ್ದರು. ಬ್ರೌನ್ ತಂಡದಲ್ಲಿದ್ದ ಟ್ರಂಪೆಟ್ ವಾದಕ ವೇಮನ್ ರೀಡ್ ಅವರ ಗೆಳೆಯ. ತಂಡದಲ್ಲಿ ಜಾಗ ಖಾಲಿಯಾದಾಗ ರೀಡ್ ಕರೆದರು, ಇವರು ಹೋದರು. ಅದು 1965. ಆಗ ತಂಡದ ಸಂಗೀತ ನೋಡಿಕೊಳ್ಳುತ್ತಿದ್ದವರು ನ್ಯಾಟ್ ಜೋನ್ಸ್. 1967ರಲ್ಲಿ ಜೋನ್ಸ್ ಬಿಟ್ಟ ಮೇಲೆ ಆ ಜಾಗ ಎಲಿಸ್‌ಗೆ ಬಂತು.

ಬ್ರೌನ್ ತುಂಬಾ ಕಟ್ಟುನಿಟ್ಟು ಅಂತ ಕೇಳಿದ್ದೇವೆ. ದಂಡ ಹಾಕುತ್ತಿದ್ದರಂತೆ?

ಹೌದು. ತಪ್ಪು ಸ್ವರಕ್ಕೆ ದಂಡ, ಪಾಲಿಶ್ ಮಾಡದ ಶೂಗೆ ದಂಡ, ತಡವಾಗಿ ಬಂದರೆ ದಂಡ. ಹಾಡು ನಡೆಯುತ್ತಿದ್ದ ಹಾಗೇ ತಪ್ಪು ಮಾಡಿದವರ ಕಡೆ ತಿರುಗಿ ಕೈಬೆರಳು ತೋರಿಸುತ್ತಿದ್ದರು. ಎಷ್ಟು ಬೆರಳೋ ಆ ಲೆಕ್ಕದಲ್ಲಿ ಡಾಲರ್. ನೋಡುವವರಿಗೆ ಅದು ಕುಣಿತದ ಒಂದು ಭಾಗ ಅನ್ನಿಸುತ್ತಿತ್ತು. ಇಂಥ ತಂಡದಲ್ಲಿ ಸಂಗೀತ ನಿರ್ದೇಶಕ ಆಗಿರುವುದು ಅಂದರೆ ಮೇಲಿನವರ ಸಿಟ್ಟು, ಕೆಳಗಿನವರ ಸುಸ್ತು ಎರಡನ್ನೂ ನುಂಗಿಕೊಂಡಿರುವುದು. ಆದರೆ ಅಷ್ಟು ಬಿಗಿಯಾಗಿ ನುಡಿಸುವ ತಂಡ ಇದ್ದಿದ್ದಕ್ಕೇ ಎಲಿಸ್ ಬರೆದದ್ದು ಕಾಗದದ ಮೇಲೆ ಇದ್ದ ಹಾಗೇ ಕೇಳಿಸಿತು. ಇದನ್ನೂ ಒಪ್ಪಬೇಕು.

"ಕೋಲ್ಡ್ ಸ್ವೆಟ್" ಹಾಡು ಹುಟ್ಟಿದ್ದು ಹೇಗೆ?

ಎಲಿಸ್ ಜೀವನದಲ್ಲಿ ಒಂದೇ ಒಂದು ಹಾಡು ಆರಿಸಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

1967ರ ಮೇ ತಿಂಗಳು. ಒಂದು ಕಾರ್ಯಕ್ರಮ ಮುಗಿದ ಮೇಲೆ ಬ್ರೌನ್ ಎಲಿಸ್‌ರನ್ನು ಡ್ರೆಸಿಂಗ್ ರೂಮಿಗೆ ಕರೆದು, ಬೇಸ್ ಹೀಗೆ ಹೋಗಬೇಕು ಅಂತ ಬಾಯಲ್ಲಿ ಗುರುಗುಟ್ಟಿ ತೋರಿಸಿದರು. ಅಷ್ಟೇ ಕೊಟ್ಟಿದ್ದು. ಮುಂದಿನ ಪ್ರಯಾಣ ನ್ಯೂಯಾರ್ಕಿನಿಂದ ಸಿನ್ಸಿನ್ನಾಟಿಗೆ. ಎಲಿಸ್ ಆ ಬಸ್ಸಲ್ಲಿ ಕೂತು ಉಳಿದದ್ದನ್ನು ಬರೆದರು. ಮಾರನೇ ದಿನ ಬಸ್ಸು ಕಿಂಗ್ ರೆಕಾರ್ಡ್ಸ್ ಸ್ಟುಡಿಯೋ ಮುಂದೆ ನಿಂತಿತು. ಎಲ್ಲರೂ ಇಳಿದು ಒಳಗೆ ಹೋಗಿ ವಾದ್ಯ ಜೋಡಿಸಿಕೊಂಡರು. ಎಲಿಸ್ ತಂಡಕ್ಕೆ ತಾಳ, ನಡೆ ಎಲ್ಲ ಹೇಳಿಕೊಟ್ಟರು. ಅದು ಒಂದು ಹದಕ್ಕೆ ಬರುವ ಹೊತ್ತಿಗೆ ಬ್ರೌನ್ ಬಂದರು. ಗಿಟಾರ್ ಭಾಗ ಬದಲಿಸಿದರು. ಡ್ರಮ್ಮರ್‌ಗೆ ಬೇರೆ ಥರ ನುಡಿಸು ಅಂದರು. ಮಾತು ಸೇರಿಸಿದರು. ತಂಡ ಅರ್ಧ ವೃತ್ತದಲ್ಲಿ ನಿಂತು ವೇದಿಕೆ ಮೇಲೆ ನುಡಿಸುವ ಹಾಗೆ ನುಡಿಸಿತು. ಒಂದೇ ಟೇಕ್‌ನಲ್ಲಿ ಮುಗಿಯಿತು ಅಂತ ಎಲಿಸ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಒಂದು ಮಧ್ಯಾಹ್ನದ ಕೆಲಸ.

ಏಳು ನಿಮಿಷ ದಾಟಿದ ಹಾಡು. ರೆಕಾರ್ಡಿನ ಒಂದು ಬದಿಯಲ್ಲಿ ಹಿಡಿಸದೆ ಎರಡು ಭಾಗ ಮಾಡಿ ಸಿಂಗಲ್ (ಬದಿಗೊಂದು ಹಾಡಿನ ಸಣ್ಣ ರೆಕಾರ್ಡ್) ಹೊರತಂದರು. ಅಮೆರಿಕದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನ, ಪಾಪ್ ಪಟ್ಟಿಯಲ್ಲಿ 7ನೇ ಸ್ಥಾನ ಸಿಕ್ಕಿತು. ಸಂಯೋಜಕರ ಜಾಗದಲ್ಲಿ ಬ್ರೌನ್ ಮತ್ತು ಎಲಿಸ್ ಇಬ್ಬರ ಹೆಸರೂ ಇದೆ.

ಅದರಲ್ಲಿ ಅಂಥ ಹೊಸದೇನಿತ್ತು? ನನಗೆ ಬರೀ ಒಂದೇ ಥರ ಕೇಳಿಸುತ್ತದೆ.

ಒಂದೇ ಥರ ಕೇಳಿಸಿದರೆ ನಿಮ್ಮ ಕಿವಿ ಸರಿಯಾಗೇ ಇದೆ! ಹೊಸತನ ಇರೋದೇ ಅಲ್ಲಿ. ಅಲ್ಲಿವರೆಗಿನ ಸೋಲ್ ಹಾಡುಗಳಲ್ಲಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುತ್ತಾ ಹೋಗುತ್ತಿದ್ದವು. ಹಾಡು ಮನೆ ಬಿಟ್ಟು ಹೊರಟು, ತಿರುಗಾಡಿ, ವಾಪಸ್ ಬರುವುದು ಆ ಬದಲಾವಣೆಯಿಂದಲೇ ಗೊತ್ತಾಗುತ್ತಿತ್ತು. "ಕೋಲ್ಡ್ ಸ್ವೆಟ್"ನಲ್ಲಿ ಚರಣದ ಉದ್ದಕ್ಕೂ ಒಂದೇ ಕಾರ್ಡ್, ಡಿ. ನಡುವೆ ಒಂದು ತಿರುವಿನಲ್ಲಿ ಮಾತ್ರ ಸಿ ಕಡೆಗೆ ಇಳಿದು ಮತ್ತೆ ಡಿಗೆ ಬರುತ್ತದೆ. ತಂಬೂರಿಯ ಶ್ರುತಿ ಒಂದೇ ಇದ್ದರೂ ಅದರ ಮೇಲೆ ಗಂಟೆಗಟ್ಟಲೆ ಹಾಡುವುದು ನಮಗೆ ಹೊಸದಲ್ಲ ಅಲ್ವಾ? ಅಮೆರಿಕದ ಜನಪ್ರಿಯ ಸಂಗೀತಕ್ಕೆ ಮಾತ್ರ ಅದು ಹೊಸದು.

ಕಾರ್ಡ್ ಬದಲಾಗದೇ ಇದ್ದಾಗ ಕಿವಿ ಎಲ್ಲಿಗೆ ಹೋಗುತ್ತದೆ? ತಾಳಕ್ಕೆ. ಈಗ ಹೆಡ್‌ಫೋನ್ ಹಾಕಿಕೊಂಡು ಮೊದಲು ಡ್ರಮ್ ಒಂದನ್ನೇ ಹಿಂಬಾಲಿಸಿ. ನುಡಿಸಿದವರು ಕ್ಲೈಡ್ ಸ್ಟಬಲ್‌ಫೀಲ್ಡ್. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ಸಾಮಾನ್ಯವಾಗಿ ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಸ್ನೇರ್ ಅನ್ನುವ ಚೂಪು ಸದ್ದಿನ ಡ್ರಮ್ಮಿನ ಏಟು ಬೀಳಬೇಕು. ಇಲ್ಲಿ ಎರಡಕ್ಕೆ ಬೀಳುತ್ತದೆ. ನಾಲ್ಕಕ್ಕೆ ಬೀಳಬೇಕಾದ ಏಟು ಅರ್ಧ ಎಣಿಕೆ ತಡವಾಗಿ, ನಾಲ್ಕು ದಾಟಿದ ಮೇಲೆ ಬೀಳುತ್ತದೆ. ಎಡವಿದ ಹಾಗೆ ಅನ್ನಿಸಬೇಕು, ಆದರೆ ಮುಂದಿನ ಒಂದನೇ ಎಣಿಕೆ ಅಷ್ಟು ಗಟ್ಟಿಯಾಗಿ ಬಂದು ಕೂರುವುದರಿಂದ ಎಲ್ಲ ಸರಿಹೋಗುತ್ತದೆ. ಒಂದನೇ ಎಣಿಕೆಗೆ ಕೊಡುವ ಈ ಒತ್ತು ಬ್ರೌನ್ ಅವರ ಬೀಜಮಂತ್ರ.

ಆಮೇಲೆ ಬರ್ನಾರ್ಡ್ ಓಡಮ್ ಅವರ ಬೇಸ್ ಕೇಳಿ. ಕೊನೆಗೆ ಹಾರ್ನ್‌ಗಳನ್ನು, ಅಂದರೆ ಊದುವ ವಾದ್ಯಗಳನ್ನು ಕೇಳಿ. ಎಲಿಸ್ ಬರೆದ ಭಾಗ ಇದು. ಅವು ಹಾಡಿನ ಧಾಟಿಯನ್ನು ಹಾಡುವುದಿಲ್ಲ. ಚಿಕ್ಕ ಚಿಕ್ಕ ತುಂಡುಗಳಲ್ಲಿ ಬಂದು, ಚುಚ್ಚಿ, ನಿಂತುಬಿಡುತ್ತವೆ. ಟ್ರಂಪೆಟ್ಟು, ಟ್ರಾಂಬೋನು, ಸ್ಯಾಕ್ಸು ಎಲ್ಲ ಡ್ರಮ್ಮಿನ ಕೆಲಸ ಮಾಡುತ್ತಿವೆ. ಇಡೀ ತಂಡವೇ ಒಂದು ದೊಡ್ಡ ಡ್ರಮ್ಮು. ಓದಿ ಕಲಿತ, ಹತ್ತು ಸ್ವರ ಬರೆಯಬಲ್ಲ ಮನುಷ್ಯ ಎರಡೇ ಸ್ವರ ಬರೆದು ಸುಮ್ಮನಾಗುವುದಕ್ಕೆ ಧೈರ್ಯ ಬೇಕು. ಎಲಿಸ್ ಬಗ್ಗೆ ನನಗೆ ಅತಿ ಇಷ್ಟವಾಗುವುದು ಈ ಧೈರ್ಯ.

ಆ ಹಾರ್ನ್ ಸಾಲು ಮೈಲ್ಸ್ ಡೇವಿಸ್‌ರಿಂದ ಬಂದದ್ದು ಅಂತಾರಲ್ಲ?

ಎಲಿಸ್ ಅವರೇ ಹೇಳಿಕೊಂಡಿದ್ದಾರೆ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ಹೊರತಂದ "ಕೈಂಡ್ ಆಫ್ ಬ್ಲೂ" ಆಲ್ಬಮ್‌ನ ಮೊದಲ ಹಾಡು "ಸೋ ವಾಟ್". ಅದರಲ್ಲಿ ಬೇಸ್ ಒಂದು ಪ್ರಶ್ನೆ ಕೇಳಿದ ಹಾಗೆ ನುಡಿಯುತ್ತದೆ. ಎರಡೇ ಸ್ವರಗಳಲ್ಲಿ ಉತ್ತರ ಬರುತ್ತದೆ. ಆ ಎರಡು ಸ್ವರ ಎಲಿಸ್ ತಲೆಯಲ್ಲಿ ವರ್ಷಗಟ್ಟಲೆ ಕೂತಿತ್ತು. ಬಸ್ಸಲ್ಲಿ ಬರೆಯುವಾಗ ತಾನಾಗೇ ಹೊರಗೆ ಬಂತು.

ಇದನ್ನು ಕದ್ದದ್ದು ಅಂತ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. "ಸೋ ವಾಟ್" ಕೂಡ ಕಾರ್ಡ್‌ಗಳ ಓಟ ಬಿಟ್ಟು ಒಂದೇ ಸ್ವರಗುಚ್ಛದ ಮೇಲೆ ನಿಲ್ಲುವ ಹಾಡು. ಅದರ ಎಂಟು ಬಾರ್‌ಗಳ (ನಾಲ್ಕು ಎಣಿಕೆಯ ಒಂದು ಸುತ್ತು ಒಂದು ಬಾರ್) ಒಂದು ನಡುಭಾಗ ಬಿಟ್ಟರೆ ಉಳಿದದ್ದೆಲ್ಲ ಡಿಯಲ್ಲೇ ಇದೆ. ಅಂದರೆ ಎರಡು ಸ್ವರದ ಜೊತೆಗೆ ಹಾಡು ಕಟ್ಟುವ ಬಗೆಯೂ ಜಾಝ್‌ನಿಂದ ಫಂಕ್‌ಗೆ ಬಂತು. ನೈಟ್‌ಕ್ಲಬ್ಬಲ್ಲಿ ಕೂತು ಕೇಳುವ ಸಂಗೀತವನ್ನು ಎದ್ದು ಕುಣಿಯುವ ಸಂಗೀತ ಮಾಡಿದ್ದು ಎಲಿಸ್ ಮತ್ತು ಬ್ರೌನ್ ಮಾಡಿದ ಕೆಲಸ.

ಹಾಗಾದರೆ ಫಂಕ್ ಕಂಡುಹಿಡಿದದ್ದು ಎಲಿಸ್‌ರಾ, ಬ್ರೌನ್‌ರಾ?

ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರಿಗೆ ಅನ್ಯಾಯ. ಎಲಿಸ್ ಅವರೇ ಗಿಟಾರ್ ಮತ್ತು ಡ್ರಮ್ಮಿಗೆ ಬ್ರೌನ್ ಹೇಳಿದ ಬದಲಾವಣೆಯಿಂದ ಆ ಹಾಡಿಗೆ ಜೀವ ಬಂತು ಅಂತ ಒಪ್ಪುತ್ತಿದ್ದರು. ಬ್ರೌನ್ 1965ರಲ್ಲೇ, ಎಲಿಸ್ ಕೈ ಸೇರುವ ಮೊದಲೇ, ಆ ದಾರಿ ಹಿಡಿದಾಗಿತ್ತು. ಜಿಮ್ಮಿ ನೋಲನ್ ಗಿಟಾರ್, ಸ್ಟಬಲ್‌ಫೀಲ್ಡ್ ಡ್ರಮ್ಸ್, ಮೇಸಿಯೋ ಪಾರ್ಕರ್ ಸ್ಯಾಕ್ಸ್ ಇಲ್ಲದಿದ್ದರೂ ಅದು ಆಗುತ್ತಿರಲಿಲ್ಲ. "ಕೋಲ್ಡ್ ಸ್ವೆಟ್"ನ ಸ್ಯಾಕ್ಸ್ ಸೋಲೊ ಕೂಡ ಮೇಸಿಯೋ ಅವರದ್ದು. ಅರೇಂಜರ್ ತನಗೆ ಇಟ್ಟುಕೊಳ್ಳದೆ ಬಿಟ್ಟುಕೊಟ್ಟ ಜಾಗ ಅದು.

ಸೋಲ್, ಫಂಕ್ ಎರಡಕ್ಕೂ ಏನು ವ್ಯತ್ಯಾಸ?

ಒಂದೇ ಮಾತಲ್ಲಿ ಹೇಳುವುದಾದರೆ ಸೋಲ್‌ನಲ್ಲಿ ಹಾಡುವವರ ದನಿ ಮುಂದೆ, ಫಂಕ್‌ನಲ್ಲಿ ತಾಳ ಮುಂದೆ. ಚರ್ಚಿನ ಗಾಸ್ಪೆಲ್ ಹಾಡಿನ ಕೂಗು ಎರಡರಲ್ಲೂ ಇದೆ. ನಡುವೆ ಗೋಡೆಯೇನೂ ಇಲ್ಲ.

"ಸೇ ಇಟ್ ಲೌಡ್" ಹಾಡಿನಲ್ಲಿ ಅವರ ಪಾತ್ರ ಏನು?

"ಸೇ ಇಟ್ ಲೌಡ್ – ಐ ಆ್ಯಮ್ ಬ್ಲ್ಯಾಕ್ ಆ್ಯಂಡ್ ಐ ಆ್ಯಮ್ ಪ್ರೌಡ್" ಹಾಡನ್ನು ಬ್ರೌನ್ ಜೊತೆ ಸೇರಿ ಕಟ್ಟಿದವರು ಎಲಿಸ್. 1968ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೆಕಾರ್ಡ್ ಆಯಿತು. ನಾಲ್ಕು ತಿಂಗಳ ಹಿಂದೆ, ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿತ್ತು. ಊರೂರು ಹೊತ್ತಿ ಉರಿದಿದ್ದವು. ಕಪ್ಪು ಅನ್ನುವ ಮಾತನ್ನೇ ಬೈಗುಳದ ಹಾಗೆ ಬಳಸುತ್ತಿದ್ದ ದೇಶದಲ್ಲಿ, ಕಪ್ಪಗಿದ್ದೇನೆ, ಅದೇ ನನ್ನ ಹೆಮ್ಮೆ ಅಂತ ಗಟ್ಟಿಯಾಗಿ ಹೇಳುವ ಹಾಡು ರೇಡಿಯೋದಲ್ಲಿ ಬಂತು. ಉತ್ತರ ಕೂಗುವವರು ಮಕ್ಕಳು. ಅದೇ ಊರಿನ ಮಕ್ಕಳನ್ನು ಸ್ಟುಡಿಯೋಗೆ ಕರೆಸಿ ಕೂಗಿಸಿದರು. ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು.

ಲಬಕ್‌ನಲ್ಲಿ ನಡೆದದ್ದು ನೆನಪಿದೆಯಾ? ವರ್ಣದ್ವೇಷಕ್ಕೆ ಮಲತಂದೆಯನ್ನು ಕಳೆದುಕೊಂಡ ಹುಡುಗ ಹದಿಮೂರು ವರ್ಷದ ಮೇಲೆ ಈ ಹಾಡಿಗೆ ಸಂಗೀತ ಬರೆದ. ಈ ವಿಷಯ ತಿಳಿದ ಮೇಲೆ ನನಗೆ ಈ ಹಾಡನ್ನು ಮೊದಲಿನ ಹಾಗೆ ಕೇಳಲು ಆಗುವುದಿಲ್ಲ.

ಸಂಗೀತದ ಕಡೆಯಿಂದ ನೋಡಿದರೆ ಎಲಿಸ್ ಇಲ್ಲೂ ಕೈ ಬಿಗಿ ಹಿಡಿದಿದ್ದಾರೆ. ಬ್ರೌನ್ ಕೂಗು, ಮಕ್ಕಳ ಮರುಕೂಗು ಇವೆರಡರ ನಡುವೆ ವಾದ್ಯಗಳು ತಲೆ ಹಾಕುವುದೇ ಇಲ್ಲ.

ಈ ಹಾಡುಗಳಿಂದ ಅವರಿಗೆ ದುಡ್ಡು ಬಂತಾ?

ಸಂಯೋಜಕ ಅಂತ ಹೆಸರಿದ್ದ ಹಾಡುಗಳಿಗೆ ರಾಯಲ್ಟಿಯ ಹಕ್ಕು ಇರುತ್ತದೆ. "ಕೋಲ್ಡ್ ಸ್ವೆಟ್", "ಸೇ ಇಟ್ ಲೌಡ್", "ಲಿಕಿಂಗ್ ಸ್ಟಿಕ್", "ಮದರ್ ಪಾಪ್‌ಕಾರ್ನ್" ಇವುಗಳಲ್ಲಿ ಎಲಿಸ್ ಹೆಸರಿದೆ. ಆದರೆ ಬರೀ ಅರೇಂಜರ್ ಆಗಿ ಮಾಡಿದ ಕೆಲಸಕ್ಕೆ ಸಾಮಾನ್ಯವಾಗಿ ಒಂದು ಸಲದ ಸಂಬಳ ಮಾತ್ರ. ಹಾಡು ಎಷ್ಟು ಲಕ್ಷ ಮಾರಾಟವಾದರೂ ಅಷ್ಟೇ. ವಾದಕರ ಪಾಡು ಇನ್ನೂ ಕೆಟ್ಟದ್ದು. ಸ್ಟಬಲ್‌ಫೀಲ್ಡ್ 1969ರಲ್ಲಿ "ಫಂಕಿ ಡ್ರಮ್ಮರ್"ನಲ್ಲಿ ನುಡಿಸಿದ ಕೆಲವು ಬಾರ್‌ಗಳನ್ನು ಹಿಪ್‌ಹಾಪ್ ಮಂದಿ ನೂರಾರು ಹಾಡುಗಳಿಗೆ ಕತ್ತರಿಸಿ ಅಂಟಿಸಿಕೊಂಡರು. ಆ ಹಾಡಿನ ಸಂಯೋಜಕರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ತಾಳ ಕಟ್ಟುವುದು ಹಾಡು ಕಟ್ಟುವುದಕ್ಕೆ ಸಮ ಅಂತ ಕಾನೂನು ಒಪ್ಪದೇ ಇದ್ದದ್ದರಿಂದ ಹೀಗಾಯಿತು. ಇದು ತಪ್ಪು ಅಂತ ನಾನು ಗಟ್ಟಿಯಾಗೇ ಹೇಳುತ್ತೇನೆ.

1969ರಲ್ಲಿ ಬ್ರೌನ್ ತಂಡ ಬಿಟ್ಟ ಮೇಲೆ ಏನು ಮಾಡಿದರು?

ನ್ಯೂಯಾರ್ಕಿಗೆ ಹೋದರು. ಜಾಝ್ ಕಡೆಗೆ ಮನಸ್ಸು ಯಾವತ್ತೂ ಇದ್ದೇ ಇತ್ತು. ಕ್ರೀಡ್ ಟೇಲರ್ ಅವರ ಸಿಟಿಐ ಕಂಪನಿಯ ಜೊತೆಗೇ ಕೂಡು ಅನ್ನುವ ಇನ್ನೊಂದು ಲೇಬಲ್ ಇತ್ತು. ಅದಕ್ಕೆ ಎಲಿಸ್ ಅರೇಂಜರ್ ಆದರು. ಸ್ಯಾಕ್ಸೊಫೋನ್ ವಾದಕ ಹ್ಯಾಂಕ್ ಕ್ರಾಫರ್ಡ್ ಅವರಿಗೆ ಕೆಲಸ ಮಾಡಿದರು. ಗಾಯಕಿ ಎಸ್ತರ್ ಫಿಲಿಪ್ಸ್ ಅವರ "ಫ್ರಮ್ ಎ ವಿಸ್ಪರ್ ಟು ಎ ಸ್ಕ್ರೀಮ್" ಆಲ್ಬಮ್‌ನ ವಾದ್ಯ ಸಂಯೋಜನೆ ಅವರದ್ದೇ.

ಈ ಆಲ್ಬಮ್ ದಯವಿಟ್ಟು ಕೇಳಿ. ಬ್ರೌನ್ ತಂಡದ ಎಲಿಸ್‌ಗೂ ಇವರಿಗೂ ಸಂಬಂಧವೇ ಇಲ್ಲ ಅನ್ನಿಸಬಹುದು. ಇಲ್ಲಿ ಫಿಲಿಪ್ಸ್ ಅವರ ಒಡೆದ, ಚೂಪು ದನಿಗೆ ಜಾಗ ಬೇಕು. ಆ ದನಿಯಲ್ಲಿ ಮಾದಕ ವಸ್ತುವಿನ ಜೊತೆ ವರ್ಷಗಟ್ಟಲೆ ಹೋರಾಡಿದ ಹೆಂಗಸಿನ ನೋವಿದೆ. ಎಲಿಸ್ ಬರೆದ ಹಾರ್ನ್‌ಗಳು ಅದರ ಸುತ್ತ ನಿಂತು ಕಾಯುತ್ತವೆ, ಅಡ್ಡ ಬರುವುದಿಲ್ಲ. ಆ ಆಲ್ಬಮ್‌ಗೆ ಫಿಲಿಪ್ಸ್ ಹೆಸರು ಗ್ರ್ಯಾಮಿ ಪ್ರಶಸ್ತಿಯ ಸ್ಪರ್ಧೆಗೆ ಹೋಗಿತ್ತು. ಗೆದ್ದವರು ಗಾಯಕಿ ಅರೀತಾ ಫ್ರಾಂಕ್ಲಿನ್. ಇದು ನಿಮಗೆ ಸೇರಬೇಕಾದದ್ದು ಅಂತ ಅರೀತಾ ತಮ್ಮ ಪ್ರಶಸ್ತಿಯನ್ನು ಫಿಲಿಪ್ಸ್ ಕೈಗೆ ಕೊಟ್ಟರು.

ಎಲಿಸ್ ತಮ್ಮ ಹೆಸರಲ್ಲೇ ಹೊರತಂದ ಮೊದಲ ಆಲ್ಬಮ್ "ಹೋಮ್ ಇನ್ ದ ಕಂಟ್ರಿ" 1977ರದ್ದು.

ವ್ಯಾನ್ ಮಾರಿಸನ್ ಜೊತೆ ಹೇಗೆ ಸೇರಿಕೊಂಡರು?

ಆಗ ಎಲಿಸ್ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇದ್ದರು. ಉತ್ತರ ಐರ್ಲೆಂಡಿನ ಗಾಯಕ ವ್ಯಾನ್ ಮಾರಿಸನ್ 1979ರಲ್ಲಿ "ಇನ್‌ಟು ದ ಮ್ಯೂಸಿಕ್" ಆಲ್ಬಮ್ ಮಾಡುವಾಗ ಹಾರ್ನ್ ಭಾಗಕ್ಕೆ ಇವರನ್ನು ಕರೆದರು. ಒಂದು ಆಲ್ಬಮ್‌ಗೆ ಅಂತ ಹೋದವರು 1986ರವರೆಗೆ ಉಳಿದರು. ತೊಂಬತ್ತರ ದಶಕದಲ್ಲಿ ಮತ್ತೆ ಕೆಲವು ವರ್ಷ ಜೊತೆಯಾದರು.

1980ರ "ಕಾಮನ್ ಒನ್" ಬೇರೆಯದೇ ಲೋಕ. ಅದರಲ್ಲಿ ಹದಿನೈದು ನಿಮಿಷ ದಾಟುವ ಹಾಡುಗಳಿವೆ. ಎಲಿಸ್ ಸ್ಯಾಕ್ಸು, ಮಾರ್ಕ್ ಐಶಮ್ ಟ್ರಂಪೆಟ್ಟು ಗಾಯಕನ ಜೊತೆ ಮೆಲ್ಲಗೆ ಮಾತಾಡಿಕೊಂಡು ಹೋಗುತ್ತವೆ. ಹೊರಬಂದಾಗ ಎಷ್ಟೋ ವಿಮರ್ಶಕರಿಗೆ ಇದು ಹಿಡಿಸಲಿಲ್ಲ. ನನ್ನ ಲೆಕ್ಕದಲ್ಲಿ ಎಲಿಸ್ ಉಸಿರು ಅತಿ ಹತ್ತಿರದಿಂದ ಕೇಳಿಸುವುದು ಇದರಲ್ಲೇ. ಸ್ಯಾಕ್ಸಿನ ಬಾಯಲ್ಲಿರುವ ತೆಳು ಪಟ್ಟಿಯ, ಅಂದರೆ ರೀಡಿನ ಮೇಲೆ ಗಾಳಿ ಸವರುವ ಸದ್ದೂ ಕಿವಿಗೆ ಬೀಳುತ್ತದೆ.

ಹಳೇ ಗೆಳೆಯರು ಮತ್ತೆ ಒಂದಾಗಲಿಲ್ಲವೇ?

ಆದರು. ಎಲಿಸ್, ಮೇಸಿಯೋ ಪಾರ್ಕರ್, ಟ್ರಾಂಬೋನ್ ನುಡಿಸುವ ಫ್ರೆಡ್ ವೆಸ್ಲಿ ಮೂವರೂ ಸೇರಿ ಜೆಬಿ (ಜೇಮ್ಸ್ ಬ್ರೌನ್) ಹಾರ್ನ್ಸ್ ಅಂತ ತಂಡ ಕಟ್ಟಿದರು. ಮೇಸಿಯೋ ಹೆಸರಲ್ಲಿ 1990ರಲ್ಲಿ ಬಂದ "ರೂಟ್ಸ್ ರೀವಿಸಿಟೆಡ್"ನಲ್ಲೂ ಮೂವರೂ ಇದ್ದಾರೆ. ಜರ್ಮನಿಯ ಕಲೋನ್‌ನಲ್ಲಿ 1992ರಲ್ಲಿ ನೇರವಾಗಿ ರೆಕಾರ್ಡ್ ಮಾಡಿದ "ಲೈಫ್ ಆನ್ ಪ್ಲಾನೆಟ್ ಗ್ರೂವ್" ಬಂದ ಮೇಲೆ ಯೂರೋಪಿನ ಹೊಸ ತಲೆಮಾರು ಇವರ ಹಿಂದೆ ಬಿತ್ತು. ಇಪ್ಪತ್ತು ವರ್ಷ ಗಾಯಕನ ಬೆನ್ನ ಹಿಂದೆ ನಿಂತಿದ್ದ ಮೂವರು ಈಗ ಮುಂದೆ ನಿಂತರು. ಜನ ಅವರಿಗೇ ಟಿಕೆಟ್ ತೆಗೆದುಕೊಂಡು ಬಂದರು.

ಆಫ್ರಿಕಾದ ಸಂಗೀತಗಾರರ ಜೊತೆಗೂ ಕೆಲಸ ಮಾಡಿದ್ದಾರಾ?

ಮಾಡಿದ್ದಾರೆ, ಅದೂ ತುಂಬಾ ಚೆನ್ನಾಗಿ. ಮಾಲಿ ದೇಶದ ಗಾಯಕಿ ಊಮು ಸಂಗಾರೆ ಅವರ "ವೊರೊತಾನ್" (1996), ಸೆನೆಗಲ್‌ನ ಶೇಖ್ ಲೋ ಅವರ "ಬಂಬಾಯ್ ಗೇಜ್" (1999) ಎರಡರಲ್ಲೂ ಹಾರ್ನ್ ಕೆಲಸ ಎಲಿಸ್ ಅವರದ್ದು. ಮಾಲಿಯ ಗಿಟಾರ್ ವಾದಕ ಅಲಿ ಫರ್ಕಾ ತೂರೆ ಅವರ ಆಲ್ಬಮ್ "ಸವಾನ್" (2006)ನಲ್ಲೂ ಸ್ಯಾಕ್ಸ್ ನುಡಿಸಿದ್ದಾರೆ.

ಪಶ್ಚಿಮ ಆಫ್ರಿಕಾದ ತಂಡಗಳು ಅರವತ್ತು, ಎಪ್ಪತ್ತರ ದಶಕದಲ್ಲಿ ಬ್ರೌನ್ ರೆಕಾರ್ಡ್ ಕೇಳಿ ಬೆಳೆದವು. ಫಂಕ್‌ನ ತಾಳಕ್ಕೆ ಬೇರು ಅದೇ ನೆಲದಲ್ಲಿದೆ. ಒಂದು ಸುತ್ತು ತಿರುಗಿ ಬಂದ ಸಂಗೀತದ ಜೊತೆ ಎಲಿಸ್ ಕೂತು ನುಡಿಸಿದರು. ಬ್ರೌನ್ 2006ರ ಡಿಸೆಂಬರ್ 25ರಂದು ತೀರಿಕೊಂಡ ಮೇಲೆ "ಸ್ಟಿಲ್ ಬ್ಲ್ಯಾಕ್, ಸ್ಟಿಲ್ ಪ್ರೌಡ್" ಹೆಸರಲ್ಲಿ ಆಫ್ರಿಕಾದ ಗಾಯಕರನ್ನು ಕೂಡಿಸಿಕೊಂಡು ಹಳೇ ಯಜಮಾನರಿಗೆ ನಮನ ಸಲ್ಲಿಸುವ ಕಾರ್ಯಕ್ರಮ ಕೊಡುತ್ತಾ ಊರೂರು ತಿರುಗಿದರು.

ಕೊನೆಯ ವರ್ಷಗಳು ಎಲ್ಲಿ ಕಳೆದವು?

ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿರುವ ಫ್ರೂಮ್ ಅನ್ನುವ ಪುಟ್ಟ ಊರಲ್ಲಿ. ಕೆಲಸ ಮಾತ್ರ ನಿಲ್ಲಲಿಲ್ಲ. ಎಪ್ಪತ್ತು ದಾಟಿದ ಮೇಲೆ ಡ್ರಮ್ಮರ್ ಜಿಂಜರ್ ಬೇಕರ್ ಅವರ ನಾಲ್ಕು ಜನರ ಜಾಝ್ ತಂಡ ಸೇರಿದರು. ಅವರು 2014ರಲ್ಲಿ "ವೈ?" ಆಲ್ಬಮ್ ತಂದರು. ಗಿಟಾರ್ ಇಲ್ಲ, ಪಿಯಾನೊ ಇಲ್ಲ. ಡ್ರಮ್ಸ್, ತಾಳವಾದ್ಯ, ಬೇಸ್, ಅದರ ಮೇಲೆ ಎಲಿಸ್ ಒಬ್ಬರದ್ದೇ ಸ್ಯಾಕ್ಸ್.

ಎಲ್ಲಿಂದ ಕೇಳಲು ಶುರು ಮಾಡಲಿ?

"ಕೋಲ್ಡ್ ಸ್ವೆಟ್"ನ ಎರಡೂ ಭಾಗ. ಅದರ ಬೆನ್ನಿಗೇ "ಸೋ ವಾಟ್". ಒಂದರ ಹಿಂದೆ ಇನ್ನೊಂದು ಕೇಳಿದರೆ ನಾನು ಇಷ್ಟು ಹೊತ್ತು ಹೇಳಿದ್ದು ಇಪ್ಪತ್ತು ನಿಮಿಷದೊಳಗೆ ಅರ್ಥವಾಗುತ್ತದೆ. ಆಮೇಲೆ ಎಸ್ತರ್ ಫಿಲಿಪ್ಸ್. ರಾತ್ರಿ ಸಮಯ ಇದ್ದರೆ "ಕಾಮನ್ ಒನ್". ಮನೆಯಲ್ಲಿ ಮಕ್ಕಳಿದ್ದರೆ "ಲೈಫ್ ಆನ್ ಪ್ಲಾನೆಟ್ ಗ್ರೂವ್" ಹಾಕಿ, ಅವರು ಕುಣಿಯುತ್ತಾರೆ.

ನಾನು ಕಾಲೇಜು ಬ್ಯಾಂಡಿನಲ್ಲಿ ನುಡಿಸುತ್ತೇನೆ. ಎಲಿಸ್ ಅವರ ಯಾವ ಹಾಡು ಕಲಿಯಲಿ?

"ದ ಚಿಕನ್". 1969ರಲ್ಲಿ "ದ ಪಾಪ್‌ಕಾರ್ನ್" ಸಿಂಗಲ್‌ನ ಹಿಂಬದಿಯಲ್ಲಿ ಬಂದ, ಹಾಡುವವರೇ ಇಲ್ಲದ ಸಣ್ಣ ಹಾಡು. ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಎಂಬತ್ತರ ದಶಕದಲ್ಲಿ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಇದನ್ನು ತಮ್ಮ ದೊಡ್ಡ ತಂಡದ ಜೊತೆ ನುಡಿಸತೊಡಗಿದರು. ಇವತ್ತು ಜಗತ್ತಿನ ಎಷ್ಟೋ ಜಾಮ್‌ಗಳಲ್ಲಿ (ವಾದಕರು ಸುಮ್ನೆ ಸೇರಿ ನುಡಿಸುವ ಕೂಟಗಳಲ್ಲಿ) ಯಾರಾದರೊಬ್ಬರು ಇದನ್ನು ಎತ್ತಿಕೊಂಡೇ ಕೊಳ್ಳುತ್ತಾರೆ. ಜಾಕೋ ಅವರದ್ದೇ ಹಾಡು ಅಂತ ತಿಳಿದವರೂ ಬಹಳ. ನುಡಿಸುವಾಗ ಎಲಿಸ್ ಹೆಸರು ಹೇಳಿ ನುಡಿಸಿ.

ಹದಿನಾರು ಬಾರ್‌ಗಳ ಚೌಕಟ್ಟು. ಬಿ ಫ್ಲಾಟ್ ಸೆವೆಂತ್ ನಾಲ್ಕು ಬಾರ್, ಇ ಫ್ಲಾಟ್ ಸೆವೆಂತ್ ಎರಡು, ಡಿ ಸೆವೆಂತ್ ಒಂದು, ಜಿ ಸೆವೆಂತ್ ಒಂದು, ಸಿ ಸೆವೆಂತ್ ನಾಲ್ಕು, ಮತ್ತೆ ಬಿ ಫ್ಲಾಟ್ ಸೆವೆಂತ್ ನಾಲ್ಕು. ಮೊದಲ ಆರು ಬಾರ್ ಕೇಳಿದರೆ ಮಾಮೂಲಿ ಬ್ಲೂಸ್ ಅನ್ನಿಸುತ್ತದೆ. ಏಳನೇ ಬಾರ್‌ನಲ್ಲಿ ಡಿಗೆ ಹಾರಿದಾಗ ಎಚ್ಚರವಾಗುತ್ತದೆ. ಆಮೇಲೆ ಸಿ ಮೇಲೆ ನಾಲ್ಕು ಬಾರ್ ನಿಲ್ಲಿಸಿಬಿಡುತ್ತಾರೆ. ಸೋಲೊ ನುಡಿಸುವವರು ಎಡವುವುದು ಸಾಮಾನ್ಯವಾಗಿ ಅಲ್ಲೇ, ಏಕೆಂದರೆ ಕೈಬೆರಳು ಬೇಗ ಮನೆಗೆ ಹೋಗೋಣ ಅನ್ನುತ್ತಿರುತ್ತದೆ. ಸಿ ಮೇಲೆ ಕಾಯುವುದನ್ನು ಮೊದಲು ಅಭ್ಯಾಸ ಮಾಡಿ. ಹಾರ್ನ್ ನುಡಿಸುವವರಾದರೆ ಪ್ರತಿ ಸ್ವರವನ್ನೂ ಎಲ್ಲರೂ ಒಟ್ಟಿಗೆ ಶುರು ಮಾಡಿದರೆ ಸಾಲದು, ಒಟ್ಟಿಗೆ ನಿಲ್ಲಿಸಬೇಕು. ಮೊದಲ ವಾರ ಡ್ರಮ್ಸ್ ಇಲ್ಲದೆ, ಕಾಲಿನ ತಾಳಕ್ಕೆ, ನಿಧಾನವಾಗಿ ನುಡಿಸಿ ನೋಡಿ.